ಹದಿನೈದನೆಯ ವೀಕ್ಷಕ

ತರಗತಿಯಲ್ಲಿ ಇದ್ದವರು ಹದಿನಾಲ್ಕೇ ಮಂದಿ. ಆದರೆ ಬೆನೆಡಿಟಾ ಅವರಿಗಷ್ಟೇ ಕಳಿಸುತ್ತಿದ್ದ ಪ್ರತಿ ವಿಡಿಯೊವನ್ನೂ ಹದಿನೈದು ಮಂದಿ ನೋಡಿರುತ್ತಿದ್ದರು.

ಆ ಹದಿನೈದನೆಯವರು ಪ್ರಿನ್ಸಿಪಾಲರೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಪಾಠವನ್ನು ಮನೆಯಲ್ಲೇ ವಿಡಿಯೊ ನೋಡಿ ಕಲಿತು ಬರಬೇಕು, ತರಗತಿಯಲ್ಲಿ ನಿಜವಾದ ಗಿರಾಕಿಗೆ ಡಿಸೈನ್ ಮಾಡಬೇಕು ಎನ್ನುವ ಅವಳ ಪದ್ಧತಿಯ ಬಗ್ಗೆ ಅವರ ಕಿವಿ ಊದಿದವನು ಯಾರೆಂಬುದೂ ಗೊತ್ತಿತ್ತು. ಪ್ರಿಂಟಿಂಗ್ ಕಲಿಸುವ ರೆನಾತೊ!

ಮೊದಲ ವಾರವೇ ಎಲ್ಲರೆದುರು ಕೆಣಕಿದ್ದ. "ವಿಡಿಯೊ ನೋಡಿ ಡಿಸೈನ್ ಬರೋದಾದ್ರೆ, ಅಡುಗೆ ಶೋ ನೋಡಿ ಹೊಟ್ಟೆನೂ ತುಂಬ್ಬೇಕಲ್ವಾ ಮೇಡಂ?"

ಅವನು ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅದನ್ನು ತಾನು ಗಮನಿಸಿದೆನಲ್ಲ ಎಂದು ಬೆನೆಡಿಟಾಗೆ ತನ್ನ ಮೇಲೇ ಸಿಟ್ಟು ಬಂದಿತ್ತು.

ಇವತ್ತು ತೀರ್ಮಾನದ ದಿನ. ಬಂದರು ಊರು ಸೆತೂಬಲ್‌ನ ಹಳೆಯ ಮೀನು ಡಬ್ಬಿ ಕಾರ್ಖಾನೆಯ ಒಡತಿ ಡೋನಾ ಗ್ರಾಸಿಯೆತ್ ಬರುತ್ತಿದ್ದರು. ಬೂತಾಯಿ ಮೀನಿನ ಡಬ್ಬಿಗೆ ಸುತ್ತುವ ಕಾಗದಕ್ಕೆ ಮಕ್ಕಳು ಮಾಡಿದ ಡಿಸೈನ್ ಅವರಿಗೆ ಒಪ್ಪಿಗೆಯಾದರೆ ಬೆನೆಡಿಟಾಳ ಪದ್ಧತಿ ಉಳಿಯುತ್ತದೆ. ಇಲ್ಲದಿದ್ದರೆ ಸೋಮವಾರದಿಂದ ಮತ್ತೆ ಬೋರ್ಡು, ನೋಟ್ಸು.

ರೆನಾತೊ ಆ ಡಿಸೈನ್ ಮುದ್ರಿಸಿದ ಹಾಳೆಗಳನ್ನು ಹೊತ್ತು ತಂದ.

"ಹುಷಾರು ಮೇಡಂ, ಇಂಕ್ ಇನ್ನೂ ಹಸಿ ಇದೆ."

"ನಿಮ್ಮ ಮೂಗಿನ ಮೇಲಿರೋದೂ ಹಸೀನೇ."

ಅವನು ಒರೆಸಿಕೊಳ್ಳಲು ಹೋಗಿ ಇನ್ನಷ್ಟು ಬಳಿದುಕೊಂಡ. ಅವಳು ನಗು ತಡೆಯಲು ಕಿಟಕಿಯತ್ತ ತಿರುಗಿದಳು.

ನಲವತ್ತು ವರ್ಷ ಕೈಯಿಂದಲೇ ಡಬ್ಬಿಗೆ ಕಾಗದ ಸುತ್ತಿದ್ದ ಡೋನಾ ಗ್ರಾಸಿಯೆತ್ ಬಂದವರೇ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಹಾಳೆಯನ್ನು ಡಬ್ಬಿಗೆ ಸುತ್ತಿ ಮಡಿಸಿದರು. ಸ್ಕ್ರೀನಿನ ಮೇಲೆ ಅಷ್ಟು ಚೆಂದ ಕಂಡಿದ್ದ ಮೀನಿನ ತಲೆ ಡಬ್ಬಿಯ ಅಡಿಗೆ ಹೋಗಿ ಮಾಯವಾಯಿತು.

"ತಲೆ ಎಲ್ಲಿ ಹೋಯ್ತ್ರೋ ಮಕ್ಳಾ? ಕಾರ್ಖಾನೇಲಿ ನಾವು ತಲೆ ತೆಗೀತೀವಿ, ನಿಜ. ಚಿತ್ರದಲ್ಲೂ ತೆಗೀಬೇಕಾ?"

ಅವರ ಜೊತೆ ಬಂದಿದ್ದ ಪ್ರಿನ್ಸಿಪಾಲರು ಗಡಿಯಾರ ನೋಡಿದರು. ಪಕ್ಕದಲ್ಲಿದ್ದ ರೆನಾತೊ ಪರಿಹಾರ ಹೇಳಲು ಬಾಯಿ ತೆರೆದ. ಬೆನೆಡಿಟಾ ಮೇಜಿನ ಕೆಳಗೆ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಹೇಳ್ಬೇಡಿ," ಎಂದು ಪಿಸುಗುಟ್ಟಿದಳು.

"ಎಲ್ಲಾ ಕೈಬಿಟ್ಟು ಹೋಗುತ್ತಲ್ರೀ!"

"ಹೋದ್ರೆ ಹೋಗ್ಲಿ. ದಾರಿ ಅವರೇ ಹುಡುಕ್ಬೇಕು."

ಹದಿನಾಲ್ಕು ತಲೆಗಳು ಒಂದೇ ಡಬ್ಬಿಯ ಮೇಲೆ ಬಗ್ಗಿದವು. ಯಾರೋ ಕಾಗದ ಬಿಚ್ಚಿದರು, ಯಾರೋ ಮಡಿಕೆಗಳಿಗೆ ಪೆನ್ಸಿಲ್ ಗೀಟು ಹಾಕಿದರು. ಬೆನೆಡಿಟಾ ಅವರ ಕೈಗಳನ್ನೇ ನೋಡುತ್ತಿದ್ದಳು. ಮಣಿಕಟ್ಟು ಬಿಡುವುದನ್ನು ಮರೆತೇಬಿಟ್ಟಿದ್ದಳು, ಅವನೂ ನೆನಪಿಸಲಿಲ್ಲ.

"ಟೀಚರ್!" ಇರಿಯಾ ಎಂಬ ಹುಡುಗಿ ಕೂಗಿದಳು. "ಮೀನನ್ನ ತಿರುಗಿಸ್ತೀವಿ! ತಲೆ ಮುಚ್ಚಳದ ಮೇಲೆ, ಮೈ ಪಕ್ಕದಲ್ಲಿ, ಬಾಲ ಕೆಳಗಡೆ. ಮೇಷ್ಟ್ರೇ, ಹತ್ತೇ ನಿಮಿಷದಲ್ಲಿ ಪ್ರಿಂಟ್ ಆಗುತ್ತಾ?"

ರೆನಾತೊ ಆಗಲೇ ಓಡಿದ್ದ.

ಹೊಸ ಕಾಗದ ಸುತ್ತಿದ ಡಬ್ಬಿಯನ್ನು ಡೋನಾ ಗ್ರಾಸಿಯೆತ್ ಕೈಯಲ್ಲಿ ಮೆಲ್ಲಗೆ ತಿರುಗಿಸಿದರು. ಮೀನು ಡಬ್ಬಿಯನ್ನು ಬಳಸಿ ಹೊರಟಿತು. ಮುದುಕಿಯ ಕಣ್ಣು ತುಂಬಿತು.

"ಈಜ್ತಾ ಇದೆಯಲ್ಲೇ ಹುಡುಗೀ! ಈ ಬೇಸಿಗೇಲಿ ನಮ್ಮ ಡಬ್ಬಿಗೆಲ್ಲಾ ಇದೇ ಕಾಗದ."

ಹದಿನಾಲ್ಕು ಮಂದಿಯೂ ಮೇಜು ಬಡಿದ ಸದ್ದಿಗೆ ಅಂಗಳದ ಪಾರಿವಾಳಗಳೆಲ್ಲ ಹಾರಿಹೋದವು. ಪ್ರಿನ್ಸಿಪಾಲರು ಬೆನೆಡಿಟಾಳ ಕೈ ಕುಲುಕಿದರು.

"ಸೋಮವಾರವೂ ಹೀಗೇ ನಡೀಲಿ. ಅಂದ ಹಾಗೆ, ಆ ವಿಡಿಯೊಗಳನ್ನ ನನಗೂ ಕಳಿಸಿ. ಒಂದನ್ನೂ ನೋಡಿಲ್ಲ ನೋಡಿ."

ಬೆನೆಡಿಟಾ ನಿಧಾನವಾಗಿ ರೆನಾತೊನತ್ತ ತಿರುಗಿದಳು. ಅವನ ಕಿವಿಗಳು ಕೆಂಪಗಾಗಿದ್ದವು.

"ಇರಿಯಾ ಹತ್ರ ಲಿಂಕ್ ಇಸ್ಕೊಂಡೆ," ಎಂದ. "ಮೊದಲನೇದನ್ನ ತಪ್ಪು ಹುಡುಕೋಕೇ ನೋಡಿದ್ದು."

"ಮಿಕ್ಕ ಇಪ್ಪತ್ತೆರಡು ವಿಡಿಯೊ?"

"ನಾಲ್ಕನೇದ್ರಲ್ಲಿ ನೀವು ಸೀನಿ, ನಕ್ಕು, ಅದನ್ನ ಕತ್ತರಿಸ್ದೆ ಹಾಗೇ ಬಿಟ್ರಲ್ಲ... ಆಮೇಲಿಂದ ಪಾಠ ಒಂದೂ ಕಿವಿಗೆ ಬಿದ್ದಿಲ್ಲ. ನಿಮ್ಮನ್ನೇ ನೋಡ್ತಿದ್ದೆ. ನೀವಂದ್ರೆ ನನಗೆ ತುಂಬಾ ಇಷ್ಟ, ಬೆನೆಡಿಟಾ. ಮನೇಲಿ ನೋಡೋದೆಲ್ಲ ಮುಗೀತು. ನಿಮ್ಮ ಪದ್ಧತಿ ಪ್ರಕಾರ ಇನ್ನು ಎದುರಿಗೆ ಕೂರ್ಬೇಕಲ್ವಾ?"

ಗೆದ್ದ ಖುಷಿ ಒಂದು ಕಡೆ, ಈ ಮಾತು ಇನ್ನೊಂದು ಕಡೆ. ಅವಳು ತನ್ನ ಅಂಗೈ ನೋಡಿಕೊಂಡಳು. ಅವನ ಮಣಿಕಟ್ಟಿನ ನೀಲಿ ಇಂಕ್ ಅಲ್ಲೇ ಉಳಿದಿತ್ತು. ಒರೆಸಿಕೊಳ್ಳುವ ಮನಸ್ಸಾಗಲಿಲ್ಲ.

"ಐದು ಗಂಟೆಗೆ ಬಂದರಿನ ಹತ್ರ ಬನ್ನಿ," ಎಂದಳು. "ಕೆಂಡದ ಮೇಲೆ ಸುಟ್ಟ ಬೂತಾಯಿ ತಿನ್ನೋಣ. ತಲೆ ಸಮೇತ."

ಹದಿನಾಲ್ಕು ಮಂದಿ ಮತ್ತೆ ಮೇಜು ಬಡಿದರು.