ಕಿವಿರಿನಿಂದ ಉದುರಿದ ಸೀಸ

ಸೋಮವಾರ ಬೆಳಿಗ್ಗೆ ಪುರವರದ ಬಸ್ ನಿಲ್ದಾಣದ ಪಕ್ಕದ ಮೀನಂಗಡಿಗೆ ಸಣ್ಣರಂಗಯ್ಯ ಬಂದಾಗ, ದಾಸಮ್ಮ ಮೀನಿನ ಹುರುಪೆ ಕೆರೆಯುತ್ತಿದ್ದಳು. ಎದುರಿನ ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ ಲಕ್ಷ್ಮೀಪತಿ ಅವನನ್ನು ಕಂಡೊಡನೆ ಲೋಟದೊಳಗೆ ಮುಖ ಹುದುಗಿಸಿಕೊಂಡ.

"ದಾಸಮ್ಮ, ನೀನೇ ಕಾಪಾಡಬೇಕು," ಎಂದ ಸಣ್ಣರಂಗಯ್ಯ. ಅರವತ್ತೆಂಟು ವರ್ಷದ ಮುದುಕ. ಕೈಯಲ್ಲಿ ಗಾಳದ ಕೋಲು. "ನಾಳೆ ಸಂಜೆ ಎಲ್ಲರ ಮುಂದೆ ಈ ಕೋಲು ಮುರುದು ಹಾಕ್ಬೇಕಂತೆ. ಸಾಯೋಗಂಟ ಕೆರೆ ದಡಕ್ಕೆ ಕಾಲಿಡಂಗಿಲ್ವಂತೆ. ನಾನು ಮೀನಿಗೆ ಸೀಸ ತುಂಬ್ಲಿಲ್ಲ ಕಣಮ್ಮ. ಹೆಂಡ್ತಿ ಹೋದ್ಮೇಲೆ ನಂಗೆ ಆ ಕೆರೆ ಬಿಟ್ರೆ ಇನ್ನೇನೈತೆ?"

ದಾಸಮ್ಮ ಕತ್ತಿ ಕೆಳಗಿಟ್ಟಳು. ಕಳ್ಳಂಬೆಳ್ಳದ ಕಡೆ ಪಂಪ್‌ಸೆಟ್ಟು ಕಳುವಾದಾಗ, ಕೊರಟಗೆರೆಯ ಮದುವೆ ಮನೆಯಲ್ಲಿ ಮಾಂಗಲ್ಯ ಮಾಯವಾದಾಗ, ಕಳ್ಳನನ್ನು ತೋರಿಸಿಕೊಟ್ಟವಳು ಅವಳು. ಆ ಎರಡೂ ಸಲ ಅವಳ ಜೊತೆ ಓಡಾಡಿದವನು ಲಕ್ಷ್ಮೀಪತಿ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಅವನಿಗೆ ಇದ್ದದ್ದು ಎರಡೇ ಕೆಲಸ: ದಾಸಮ್ಮನ ಹಿಂದೆ ಸುತ್ತುವುದು, ಕೆರೆಯಲ್ಲಿ ಗಾಳ ಹಾಕುವುದು.

"ನೀನೂ ಅಲ್ಲೇ ಇದ್ದೆಯಲ್ಲ, ಲೇ ಲಕ್ಷ್ಮೀಪತಿ. ನಡೆದದ್ದು ಹೇಳು," ಎಂದಳು.

ನಡೆದದ್ದು ಇಷ್ಟು. ಬೆಟ್ಟದ ಬುಡದ ಹೊನ್ನೇಕಲ್ಲು ಕೆರೆಗೆ ಎರಡು ವರ್ಷದ ಹಿಂದೆ ಮೀನುಗಾರರ ಸಂಘದವರು ಕಾಟ್ಲಾ ಮೀನಿನ ಮರಿ ಬಿಟ್ಟಿದ್ದರು. ಮಳೆಗಾಲದಲ್ಲಿ ಯಾರೂ ಗಾಳ ಹಾಕುವಂತಿಲ್ಲ. ಮತ್ತೆ ಕೆರೆ ತೆರೆಯುವ ಮೊದಲ ಭಾನುವಾರ ಬಲೆ ಇಳಿಸುವ ಮುಂಚೆ ಗಾಳದವರ ಪಂದ್ಯ. ಸತತ ಮೂರು ವರ್ಷ ಎಲ್ಲರಿಗಿಂತ ದೊಡ್ಡ ಮೀನು ಹಿಡಿದವನಿಗೆ ಮಡುವಿನ ಮೇಲಿನ ಆನೆಬಂಡೆ ಬದುಕಿರುವವರೆಗೆ ಸ್ವಂತ. ಬೇರೆ ಯಾರೂ ಅವನ ಅಪ್ಪಣೆಯಿಲ್ಲದೆ ಅಲ್ಲಿ ಕೂರುವಂತಿಲ್ಲ. ಹೊರಗಿನವರಿಗೆ ಇದು ನಗೆಪಾಟಲು, ಗಾಳದವರಿಗೆ ಸಿಂಹಾಸನ.

ಸಣ್ಣರಂಗಯ್ಯನಿಗೆ ಇದು ಮೂರನೆಯ ವರ್ಷ. ಏಳು ಗಂಟೆಗೆಲ್ಲ ಅವನು ಕಾಟ್ಲಾವನ್ನು ಕಿವಿರಿನಲ್ಲಿ ಬೆರಳು ಹಾಕಿ ಎತ್ತಿಕೊಂಡು ಬಂದು ತಕ್ಕಡಿಗೆ ಹಾಕಿದ. ಐದು ಕಿಲೋ ಎಂಟುನೂರು ಗ್ರಾಂ. ಭೀಮರಾಜುವಿನ ಮೀನು ಐದು ಕಿಲೋ ಆರುನೂರು. ಲಕ್ಷ್ಮೀಪತಿಯ ಮೀನಿನ ತೂಕ ಇಲ್ಲಿ ಹೇಳದಿರುವುದೇ ಮರ್ಯಾದೆ. ತೂಗಿದವರು ಕಿರಾಣಿ ಅಂಗಡಿಯ ರುದ್ರಮುನಿ ಸಾಹುಕಾರರು. ಮೀನು ತಿನ್ನದವರೇ ತಕ್ಕಡಿ ಹಿಡಿಯಬೇಕು, ಆಗ ಆಸೆಗೆ ಕೈ ವಾಲುವುದಿಲ್ಲ ಎಂಬುದು ಅಲ್ಲಿನ ಪದ್ಧತಿ.

ಸಣ್ಣರಂಗಯ್ಯ ತನ್ನ ಮೀನನ್ನು ಒದ್ದೆ ಗೋಣಿಚೀಲದಲ್ಲಿ ಕಟ್ಟಿ ಹೊಂಗೆಮರದ ನೆರಳಿನಲ್ಲಿಟ್ಟ ಮೇಲೆ ಗಾಳದವರೆಲ್ಲ ಕೆರೆಯ ಏರಿಯಾಚೆ ಮುದ್ದೆ ಊಟಕ್ಕೆ ಹೋದರು. ಊಟವಾದ ಮೇಲೆ ಲಕ್ಷ್ಮೀಪತಿಯೇ ಚೀಲ ಬಿಚ್ಚಿದ. ದಾರದ ತುದಿ ಹಿಡಿದು ಒಂದು ಸಲ ಎಳೆದ, ಬಿಚ್ಚಿಕೊಂಡಿತು. ಸಂಘದ ಅಧ್ಯಕ್ಷ ಚಿಕ್ಕಹನುಮಯ್ಯ ಕಿವಿರಿಗೆ ಬೆರಳು ಹಾಕಿ ಮೀನನ್ನು ಎತ್ತಿದ್ದೇ ತಡ, ಟಣಟಣ ಎಂದು ಗಾಳಕ್ಕೆ ಕಟ್ಟುವ ನಾಲ್ಕು ಸೀಸದ ಗುಂಡು ಕಲ್ಲಿನ ಮೇಲೆ ಉದುರಿದವು. ತೂಗಿದರೆ ಮುನ್ನೂರು ಗ್ರಾಂ. ಅದನ್ನು ಕಳೆದರೆ ಭೀಮರಾಜುವೇ ಗೆದ್ದಂತೆ.

"ಊಟದ ಹೊತ್ತಲ್ಲಿ ಮೀನಿನ ಹತ್ರ ಯಾರಿದ್ರು?" ದಾಸಮ್ಮ ಕೇಳಿದಳು.

"ರುದ್ರಮುನಿಗಳು ತಕ್ಕಡಿ ಹತ್ರ ತಮ್ಮ ಡಬ್ಬಿ ಊಟ ಮಾಡ್ತಿದ್ರು. ಭೀಮರಾಜು ಬೀಡಿ ಮರೆತೆ ಅಂತ ಒಂದ್ಸಲ ಬಂದಿದ್ದ. ನಾನು ಕೈ ತೊಳೆಯಕ್ಕೆ ಬಂದಿದ್ದೆ."

ಹೇಳುತ್ತಾ ಲಕ್ಷ್ಮೀಪತಿಗೆ ಒಳಗೊಳಗೇ ನಾಚಿಕೆಯಾಯಿತು. ಆ ಸೀಸ ಉದುರಿದಾಗ ಅವನ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಎಂಟು ವರ್ಷದಿಂದ ಸಣ್ಣರಂಗಯ್ಯನ ಪಕ್ಕದಲ್ಲೇ ಕೂತು, ಗಾಳಕ್ಕೆ ಅದೇ ಕಡಲೆಕಾಯಿ ಹಿಂಡಿ, ಅದೇ ರಾಗಿಹಿಟ್ಟಿನ ಉಂಡೆ, ಅದೇ ನೀರು. ಮೀನು ಮಾತ್ರ ಅತ್ತಲೇ ಹೋಗುತ್ತಿತ್ತು. ಹೊಟ್ಟೆಕಿಚ್ಚಿಗೆ ಮದ್ದಿಲ್ಲ.

"ಚಿಕ್ಕಹನುಮಯ್ಯ ನಿನ್ನೆ ನನ್ ಐಸ್ ಪೆಟ್ಟಿಗೇಲಿ ಇಡ್ಸಿದ್ದು ಅದೇ ಮೀನಾ?"

"ಹೂಂ, ಸಾಕ್ಷಿ ಅಂತ ಇಡ್ಸವ್ನೆ," ಎಂದ ಸಣ್ಣರಂಗಯ್ಯ.

ದಾಸಮ್ಮ ಪೆಟ್ಟಿಗೆ ತೆರೆದು ಮೀನಿನ ಬಾಯೊಳಗೆ ಬೆರಳಿಟ್ಟಳು, ಕಿವಿರು ಎತ್ತಿ ನೋಡಿದಳು, ಹೊಟ್ಟೆ ನೀವಿದಳು. ಗಾಳದ ಮುಳ್ಳಿನ ಗುರುತು ಬಿಟ್ಟರೆ ಎಲ್ಲೂ ಗಾಯವಿರಲಿಲ್ಲ. "ಸರಿ, ಮನೆಗೋಗಿ ಉಣ್ಣು. ಕೋಲು ಮುರೀಬ್ಯಾಡ," ಎಂದಳು.

ಮಧ್ಯಾಹ್ನ ದಾಸಮ್ಮ, ಲಕ್ಷ್ಮೀಪತಿ ಇಬ್ಬರೂ ಭೀಮರಾಜುವನ್ನು ನೋಡಲು ಹೋದರು. ಪಾವಗಡದ ಕಡೆಯಿಂದ ಮನೆ ಅಳಿಯನಾಗಿ ಬಂದವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಕೇಳುವ ಮುಂಚೆಯೇ ತೆಲುಗಿನಲ್ಲಿ ಶುರುಮಾಡಿದ.

"ನೇನು ಕಾದು ದಾಸಮ್ಮಾ! ದೇವುಡಿ ತೋಡು! ದೇವ್ರಾಣೆ ನಾನಲ್ಲ! ಹೊಟ್ಟೆ ಉರಿ ಐತೆ, ಇಲ್ಲ ಅನ್ನಲ್ಲ. ಮೂರು ವರ್ಷದಿಂದ ಎರಡನೇ ನಂಬರ್ ಅಂದ್ರೆ ಯಾರಿಗಾಗಲ್ಲ? ಆದ್ರೆ ನಾನು ಬೀಡಿ ತಗಂಡು ಹಂಗೇ ಹೋದೆ."

"ನೀನೇ ಮಾಡ್ಬೇಕಂತಿದ್ರೆ ಸೀಸ ಎಲ್ಲಿ ತುರುಕ್ತಿದ್ದೆ?"

"ಬಾಯಾಗಂತೂ ಅಲ್ಲ," ಎಂದು ಭೀಮರಾಜು ನಕ್ಕುಬಿಟ್ಟ.

ಅಲ್ಲಿಂದ ರುದ್ರಮುನಿಯವರ ಅಂಗಡಿಗೆ. ಬೇಳೆ ಬೆಲ್ಲದಿಂದ ಹಿಡಿದು ಗಾಳದ ಮುಳ್ಳು, ನೈಲಾನ್ ದಾರ, ಸೀಸದ ಗುಂಡಿನವರೆಗೆ ಎಲ್ಲ ಸಿಗುವುದು ಅಲ್ಲೇ. ಜಗಲಿಯ ಕಲ್ಲಿನ ಮೇಲೆ ಕೊರೆದಿದ್ದ ಚೌಕಾಬಾರದ ಮನೆಗಳ ತುಂಬ ಧೂಳು ಕೂತಿತ್ತು. ಕವಡೆಗಳು ಒಂದು ತೆಂಗಿನ ಕರಟದಲ್ಲಿ ಬಿದ್ದಿದ್ದವು.

"ಈಗ ಯಾರೂ ಆಡಲ್ವಾ ಸಾವ್ಕಾರ್ರೆ?"

"ಆಡೋಕೆ ಇಬ್ರು ಬೇಕಲ್ಲಮ್ಮ," ಎಂದರು ರುದ್ರಮುನಿ. ಲಕ್ಷ್ಮೀಪತಿಯ ಕಡೆ ಅವರು ನೋಡಿದ ನೋಟ ಮಾತ್ರ ಮೆಣಸಿನಕಾಯಿ ಹೊಗೆಯಂತಿತ್ತು. "ಸಣ್ಣರಂಗ ಇಂಥ ಕೆಲಸ ಮಾಡ್ತಾನೆ ಅಂತ ನಾನು ಅಂದ್ಕಂಡಿರ್ಲಿಲ್ಲ. ಮೀನಿನ ಹೊಟ್ಟೆ ತುಂಬ ಸೀಸ ತುಂಬೋದಾ? ಹೋಗ್ಲಿ, ಇನ್ನಾದ್ರೂ ಆ ಕೆರೆ ಸಹವಾಸ ಬುಟ್ಟು ನೆಮ್ಮದಿಯಾಗಿರ್ಲಿ."

ದಾಸಮ್ಮ ಕಾಲು ಕಿಲೋ ಬೆಲ್ಲ ಕೇಳಿದಳು. ಅವರು ಕಾಗದದಲ್ಲಿ ಪೊಟ್ಟಣ ಕಟ್ಟಿ, ದಾರ ಸುತ್ತಿ, ಬೆರಳು ತಿರುಗಿಸಿ ಗಂಟು ಹಾಕಿಕೊಟ್ಟರು. ತನ್ನ ಮೀನಂಗಡಿಗೆ ಬಂದ ಮೇಲೆ ಅವಳು ದಾರದ ತುದಿ ಎಳೆದಳು, ಪೊಟ್ಟಣ ಬಿಚ್ಚಿಕೊಂಡಿತು. ಲಕ್ಷ್ಮೀಪತಿ ಬಾಯಿ ತೆರೆದವನು ಮತ್ತೆ ಮುಚ್ಚಿಕೊಂಡ. ದಾಸಮ್ಮ ಅವನನ್ನೇ ಅರೆಗಳಿಗೆ ನೋಡಿ ಬೆಲ್ಲದ ಚೂರೊಂದನ್ನು ಕೊಟ್ಟಳು. ಅವನು ಅದನ್ನು ತಿನ್ನದೆ ಜೇಬಿಗೆ ಹಾಕಿಕೊಂಡ.

ಮಂಗಳವಾರ ಸಂಜೆ ಹೊಂಗೆಮರದ ಕೆಳಗೆ ಗಾಳದವರೆಲ್ಲ ಸೇರಿದರು. ಸಣ್ಣರಂಗಯ್ಯ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದ. ದಾಸಮ್ಮ ಐಸಿನಿಂದ ತೆಗೆದ ಮೀನನ್ನು ಅದೇ ತಕ್ಕಡಿಯ ಮೇಲಿಟ್ಟಳು.

"ನೋಡಿ ಹೇಳಪ್ಪ, ಅಧ್ಯಕ್ಷ."

ಚಿಕ್ಕಹನುಮಯ್ಯ ಬಗ್ಗಿ ನೋಡಿದ. "ಐದು ಕಿಲೋ ಏಳ್ನೂರೈವತ್ತು."

"ಸೀಸ ಇಲ್ಲೈತೆ, ನನ್ ಕೈಯಾಗೆ. ಭಾನುವಾರ ಬೆಳಿಗ್ಗೆ ಸೀಸ ಸಮೇತ ತೂಗಿದ್ರೆ, ಈಗ ಮೀನು ಬರೀ ಐದೂವರೆ ತೂಗ್ಬೇಕಿತ್ತು. ನೀರು, ರಕ್ತ ಸೋರಿ ಐವತ್ತು ಗ್ರಾಂ ಕಮ್ಮಿಯಾಗೈತೆ ಅಷ್ಟೆ. ಅಂದ್ರೆ ತೂಗೋವಾಗ ಸೀಸ ಒಳಗಿರ್ಲಿಲ್ಲ. ತೂಕ ಮುಗಿದ್ಮೇಲೆ ಸೀಸ ತುಂಬಿ ಸಣ್ಣರಂಗಣ್ಣಂಗೆ ಏನು ಬಂತು?"

ಜನರ ನಡುವೆ ಗುಜುಗುಜು ಎದ್ದಿತು. ಸಣ್ಣರಂಗಯ್ಯ ತಲೆಯೆತ್ತಿದ.

"ಅಂಗಾದ್ರೆ ತುಂಬಿದ್ದು ಅವನ ಹೆಸರು ಕೆಡಿಸ್ಬೇಕು ಅನ್ನೋನು," ಎಂದ ಚಿಕ್ಕಹನುಮಯ್ಯ. ಎಲ್ಲರ ಕಣ್ಣೂ ಭೀಮರಾಜುವಿನ ಕಡೆ ತಿರುಗಿದವು.

"ತಡೀರಿ. ಕಾಟ್ಲಾಗೆ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಬೀಸೋಕಲ್ಲಿನಂಥ ಹಲ್ಲೈತೆ. ಅದನ್ನ ದಾಟಿ ಇಷ್ಟು ದಪ್ಪದ ಗುಂಡು ಹೊಟ್ಟೆಗೆ ಇಳಿಯಲ್ಲ. ಅಲ್ಲೇ ನಿಂತು, ಕಿವಿರು ಎತ್ತಿದ ತಕ್ಷಣ ಉದುರ್ತದೆ. ಗಾಳ ಹಾಕೋರಿಗೆ, ಮೀನು ಕುಯ್ದು ತಿನ್ನೋರಿಗೆ ಇದು ಗೊತ್ತು. ಭೀಮರಾಜುಗೆ ಗೊತ್ತು, ಲಕ್ಷ್ಮೀಪತಿಗೂ ಗೊತ್ತು. ಗೊತ್ತಿಲ್ದೋನು ಬಾಯಿಂದ ಹಾಕಿದ್ದೆಲ್ಲ ಹೊಟ್ಟೆಗೋಯ್ತದೆ ಅಂತ ತಿಳೀತಾನೆ. ನಿನ್ನೆ ಒಬ್ರು 'ಹೊಟ್ಟೆ ತುಂಬ ಸೀಸ' ಅಂದ್ರು. ಸೀಸ ಹೊಟ್ಟೇಲಿತ್ತು ಅಂತ ಈ ಕೆರೇಲಿ ಬೇರೆ ಯಾರೂ ಅಂದಿಲ್ಲ."

ದಾಸಮ್ಮ ಲಕ್ಷ್ಮೀಪತಿಯ ಕಡೆ ತಿರುಗಿದಳು.

"ಚೀಲ ಬಿಚ್ಚಿದ್ದು ನೀನು. ಗಂಟು ಹೆಂಗಿತ್ತು? ಎರಡು ದಿನದಿಂದ ನಿನ್ ಬಾಯಾಗೇ ಇಟ್ಕಂಡಿದೀಯ, ಈಗ ಉಗುಳು."

ಲಕ್ಷ್ಮೀಪತಿ ಸುಳ್ಳು ಹೇಳಬಹುದಿತ್ತು. ಆದರೆ ಪಕ್ಕದಲ್ಲಿ ಸಣ್ಣರಂಗಯ್ಯ ಕೋಲನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದ. ಆ ಕೈಗಳನ್ನು ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ.

"ಸಣ್ಣರಂಗಣ್ಣ ಹಾಕಿದ್ದು ಗಾಳದವರ ಗಂಟು. ನೆಂದ್ರೆ ಬಿಗಿಯಾಗ್ತದೆ, ಹಲ್ಲಲ್ಲಿ ಕಚ್ಚೇ ಬಿಚ್ಬೇಕು. ನಾನು ಬಿಚ್ಚಿದ್ದು... ಒಂದ್ಸಲ ಎಳೆದ್ರೆ ಬಿಚ್ಚೋ ಗಂಟು. ಪೊಟ್ಟಣದ ಗಂಟು. ಆಗ್ಲೇ ಯಾಕೋ ಅನ್ನಿಸ್ತು. ಹೇಳ್ಲಿಲ್ಲ." ಆಮೇಲೆ ಸೇರಿಸಿದ: "ಹೊಟ್ಟೆಕಿಚ್ಚಿಗೆ ಹೇಳ್ಲಿಲ್ಲ."

"ನಲವತ್ತು ವರ್ಷ ಪೊಟ್ಟಣ ಕಟ್ಟಿದ ಬೆರಳು, ಅವಸರದಾಗೂ ಅದೇ ಗಂಟು ಹಾಕ್ತದೆ," ಎಂದಳು ದಾಸಮ್ಮ. "ಅಲ್ವಾ ಸಾವ್ಕಾರ್ರೆ?"

ರುದ್ರಮುನಿ ತಕ್ಕಡಿಯ ಪಕ್ಕ ನಿಂತೇ ಇದ್ದರು. ನಿರಾಕರಿಸುತ್ತಾರೆಂದು ಎಲ್ಲರೂ ಕಾದರು. ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಸಣ್ಣರಂಗಯ್ಯನಿಗೆ ಮಾತ್ರ ಹೇಳಿದರು.

"ಹುಡುಗ್ರಾಗಿದ್ದಾಗಿಂದ ನನ್ ಜಗಲೀಲಿ ಕೂತೋನು ಕಣೋ ನೀನು. ಎಂಟು ವರ್ಷ ಆಯ್ತು, ಆ ಕಡೆ ತಲೆ ಹಾಕಿಲ್ಲ. ದಿನಾ ಬೆಳಿಗ್ಗೆ ಈ ಕಂಡಕ್ಟರ್ ಜೊತೆ ನಗ್ತಾ ಅಂಗಡಿ ಮುಂದೇನೇ ಕೆರೆಗೆ ಹೋಗ್ತೀಯ. ಸೀಸ ಬೇಕಾದಾಗ ಮಾತ್ರ ನನ್ ನೆನಪು. ಬಂಡೇನೂ ನಿಂದಾಗ್ಬುಟ್ರೆ ಇನ್ನು ಎದ್ದು ಬರಲ್ಲ ಅನ್ನಿಸ್ತು. ಕೆರೆ ತಪ್ಪಿದ್ರೆ ನನ್ ಹತ್ರ ಬರ್ತೀಯ ಅಂತ..."

ಲಕ್ಷ್ಮೀಪತಿ ಬೆರಗಾಗಿ ಕೂತ. ಅವನು ಸಣ್ಣರಂಗಯ್ಯನ ಮೀನಿಗೆ ಕರುಬುತ್ತಿದ್ದಷ್ಟೂ ಕಾಲ, ಇನ್ನೊಬ್ಬರು ಆ ಮುದುಕನ ಪಕ್ಕ ಅವನು ಕೂರುವ ಜಾಗಕ್ಕೇ ಕರುಬುತ್ತಿದ್ದರು.

ಸಣ್ಣರಂಗಯ್ಯ ಎದ್ದು ನಿಂತ. "ಬಾ ಅಂತ ಒಂದ್ ಮಾತು ಕರೆದಿದ್ರೆ ಬರ್ತಿದ್ದೆ ಕಣ್ಲಾ ರುದ್ರ," ಎಂದ. "ನನ್ನ ಕಳ್ಳ ಅನ್ನಿಸ್ಬುಟ್ಟೆಯಲ್ಲ." ಕೋಲನ್ನು ಹೆಗಲಿಗೇರಿಸಿ ಒಬ್ಬನೇ ಮಡುವಿನ ಕಡೆ ನಡೆದುಹೋದ. ಚಿಕ್ಕಹನುಮಯ್ಯ ಆನೆಬಂಡೆ ಇನ್ನು ಅವನದೇ ಎಂದು ಸಾರಿದ್ದು ಅವನ ಬೆನ್ನಿಗೆ ಕೇಳಿಸಿತೋ ಇಲ್ಲವೋ.

ಮರುದಿನ ಬೆಳಿಗ್ಗೆ ಲಕ್ಷ್ಮೀಪತಿ ಮಡುವಿಗೆ ಹೋದಾಗ ಸಣ್ಣರಂಗಯ್ಯ ಬಂಡೆಯ ಮೇಲೆ ಗಾಳ ಬಿಟ್ಟು ಕೂತಿದ್ದ. ಪಕ್ಕದಲ್ಲಿ ಬೇಕಾದಷ್ಟು ಜಾಗವಿತ್ತು.

"ಕೂತ್ಕಳ್ಳಾ, ಸಣ್ಣರಂಗಣ್ಣ?"

"ಗಂಟಿನ ವಿಷಯ ಎಷ್ಟು ದಿನ ನುಂಗ್ಕಂಡಿದ್ದೆ?"

"ಎರಡು ದಿನ."

"ಅಂಗಾದ್ರೆ ಎರಡು ದಿನ ಆಚೆ ದಡದಾಗೆ ಕೂತ್ಕೋ. ಆಮೇಲೆ ಬಾ."

ಲಕ್ಷ್ಮೀಪತಿ ತಕರಾರಿಲ್ಲದೆ ಕೆರೆಯ ಏರಿಯನ್ನು ಸುತ್ತಿ ಆಚೆ ದಡಕ್ಕೆ ಹೋದ. ಅಲ್ಲಿ ರುದ್ರಮುನಿ ಕೂತಿದ್ದರು. ಅಂಗಡಿ ತೆರೆದಿರಲಿಲ್ಲ, ಕೈಯಲ್ಲಿ ಗಾಳವೂ ಇರಲಿಲ್ಲ. ನೀರಿನಾಚೆಯ ಬಂಡೆಯನ್ನೇ ನೋಡುತ್ತಿದ್ದರು. ಲಕ್ಷ್ಮೀಪತಿ ಒಂದು ಮಾರು ದೂರ ಬಿಟ್ಟು ಕೂತ.

ಅವರೇ ಕೇಳಿದರು: "ನಿಂಗೆ ಎಷ್ಟು ದಿನ ಅಂದ?"

"ಎರಡು. ನಿಮ್ಗೆ?"

"ಆಚೆ ದಡಕ್ಕೋಗು ಅಂದ. ಎಷ್ಟು ದಿನ ಅಂತ ಹೇಳ್ಲಿಲ್ಲ," ಎಂದರು ರುದ್ರಮುನಿ.