ಅದೇ ಕೈ

"ತೆಗಿ ಅಂದ್ರೆ ತೆಗಿ!"

ಹೊಸ ಅಂಗಡಿಗೆ ಹೊರಟು ನಿಂತಿದ್ದ ಹೆಂಡತಿಯ ಮುಸುಕನ್ನು ದರ್ಜಿ ಜಗ್ಗಿದ ರಭಸಕ್ಕೆ ಅವಳ ತಲೆ ಹೊಲಿಗೆಯಂತ್ರದ ಅಂಚಿಗೆ ಬಡಿಯಿತು. "ಗಲ್ಲಾದ ಮುಂದೆ ಹೀಗೆ ಮುಖ ಮುಚ್ಕೊಂಡು ಕೂತ್ರೆ ಗಿರಾಕಿ ಒಳಗೆ ಬರ್ತಾರೇನೇ? ಬೆದರುಗೊಂಬೆ ಇಟ್ಟವ್ನೆ ಅಂತಾರೆ! ಮುಸುಕು ಬೇಕಾದ್ರೆ ಈ ಮನೇಲಿ ನಿನಗೆ ಜಾಗ ಇಲ್ಲ!"

"ಒಳಗೆ ಕೂತು ಕಾಜಾ ಹಾಕ್ತೀನಿ, ಗುಂಡಿ ಹೊಲೀತೀನಿ ರೀ... ಇದನ್ನ ಮಾತ್ರ ಬಿಡಲ್ಲ. ಯಾರೋ ಹೇಳಿ ಹಾಕ್ಕೊಂಡಿದ್ದಲ್ಲ. ಅಲ್ಲಾಹನಿಗೂ ನನಗೂ ಇರೋ ಮಾತು ಇದು!"

ಒಳಬಾಗಿಲಲ್ಲಿ ನಿಂತಿದ್ದ ಅತ್ತೆ ತುಟಿ ಕೊಂಕಿಸಿದಳು. ಗಂಡ ಸತ್ತ ಮೇಲೆ ತನ್ನ ಬುರ್ಖಾವನ್ನು ಕತ್ತರಿಸಿ ಮಸಿಬಟ್ಟೆ ಮಾಡಿಕೊಂಡವಳು ಆಕೆ. ಸೊಸೆ ಮನೆಗೆ ಕಾಲಿಟ್ಟಂದಿನಿಂದ "ಕಾಗೆ ಬಂತು, ಕಾಗೆ!" ಎಂದು ಹಂಗಿಸುತ್ತ, ಮಗನ ಕಿವಿ ಊದುತ್ತ ಬಂದಿದ್ದಳು. ಕ್ರೂರಿ ಎಂದುಬಿಟ್ಟರೆ ಪೂರ್ತಿ ನಿಜವಾಗದು. ಸೊಸೆಯನ್ನು ಸೆರೆಯಿಂದ ಬಿಡಿಸುತ್ತಿದ್ದೇನೆ ಎಂದೇ ಆಕೆ ನಂಬಿದ್ದಳು. ಈಗಲೂ, "ಅಷ್ಟಕ್ಕೆಲ್ಲ ಬಗ್ಗೋಳಲ್ಲ ಕಣೋ ಅವಳು" ಎಂದಳು.

ಮಗ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಎತ್ತಿಕೊಂಡ. ಮುಸುಕಿನ ಸಮೇತ ಹೆಂಡತಿಯ ಜಡೆಯನ್ನು ಎಡಗೈಗೆ ಸುತ್ತಿಕೊಂಡು ಅವಳನ್ನು ಮಂಡಿಯೂರುವಂತೆ ಕೆಡವಿದ. ಕತ್ತರಿ ಮುಸುಕನ್ನು ಸೀಳಿತು, ಕಿವಿಯ ಪಕ್ಕ ರಕ್ತ ಚಿಮ್ಮಿತು... ಆ ಸುತ್ತು! ಅಯ್ಯೋ, ಕೂದಲನ್ನು ಕೈಗೆ ಸುತ್ತಿಕೊಳ್ಳುವ ಆ ರೀತಿ! ಅತ್ತೆಯ ನೆತ್ತಿ ಚುರ್ ಎಂದಿತು. ಬುರ್ಖಾ ಇಲ್ಲದೆ ಹೊಸ್ತಿಲು ದಾಟಿದ ತಪ್ಪಿಗೆ, ಇದೇ ಕೋಣೆಯಲ್ಲಿ, ಆಕೆಯ ಕೂದಲೂ ಹೀಗೆಯೇ ಕಿತ್ತು ಬಂದಿತ್ತು.

"ಬಿಡೋ!" ಓಡಿಬಂದವಳೇ ಕತ್ತರಿಯ ಅಲಗನ್ನು ಬರಿಗೈಯಲ್ಲಿ ಹಿಡಿದಳು. ಅಂಗೈ ಕುಯ್ದುಹೋಯಿತು.

"ಅಮ್ಮಾ! ತೆಗೆಸು ತೆಗೆಸು ಅಂತ ಬಡ್ಕೊಂಡೋಳು ನೀನೇ ತಾನೇ?"

"ಹೌದು ಕಣೋ... ನನ್ನ ನಾಲಿಗೆಗೆ ಹುಳ ಬೀಳ! ಹಾಕ್ಕೋ ಅಂತ ನಿಮ್ಮಪ್ಪ ಹೊಡೆದ, ತೆಗಿ ಅಂತ ನೀನು ಹೊಡೀತಿದ್ದೀಯ. ಮಾತು ಬೇರೆ, ಕೈ ಅದೇ! ಜಾಗ ಇಲ್ಲದಿರೋದು ಅವಳಿಗಲ್ಲ, ನಿನಗೆ. ನಡಿ ಆಚೆ!"

ಕತ್ತರಿ ಬಿಸಾಡಿ, ಬಾಗಿಲಿಗೆ ಒದ್ದು ಮಗ ಹೊರನಡೆದ.

ಸೊಸೆ ಮೇಜಿನ ಮೇಲಿನ ಚೂರುಬಟ್ಟೆ ತಂದು ಅತ್ತೆಯ ಅಂಗೈಗೆ ಕಟ್ಟಿದಳು. ಅತ್ತೆ ಯಂತ್ರದ ಮುಂದೆ ಕೂತು, ಸೀಳಿದ ಮುಸುಕನ್ನು ಸೂಜಿಯ ಕೆಳಗೆ ಸರಿಸಿದಳು.

"ಬಿಡಿ ಅತ್ತೆ, ನಾನೇ ಹೊಲ್ಕೋತೀನಿ..."

"ಸುಮ್ನಿರು. ನನಗಿದು ಹಿಡಿಸಲ್ಲ, ಸಾಯೋವರೆಗೂ ಹಿಡಿಸಲ್ಲ... ಆದ್ರೆ ಹರಿದೋಳು ನಾನು."

ಬಟ್ಟೆ ಕಪ್ಪಾದ್ದರಿಂದ, ಅಂಗೈಯಿಂದ ಜಿನುಗಿ ಹೊಲಿಗೆಯಲ್ಲಿ ಇಂಗಿದ ರಕ್ತ ಸೊಸೆಯ ಕಣ್ಣಿಗೆ ಬೀಳಲಿಲ್ಲ. ತಲೆಗೆ ಹೊದ್ದುಕೊಂಡಾಗ ಮಾತ್ರ ಹಣೆಗೆ ಏನೋ ಬೆಚ್ಚಗೆ, ಒದ್ದೆಯಾಗಿ ತಾಗಿತು.