ಹೊಗೆಯಿಂದ ಒಂದು ಕೊಡ ನೀರು

ಗೋಡೆಯ ಮೇಲಿನ 'ಗಾಳಿಗಾವಲು' ಪೆಟ್ಟಿಗೆ ಮೂಸಿ ನೋಡಿತು. ವಿಷದ ಸುಳಿವು ಸಿಕ್ಕಿದ್ದೇ ತಡ, ಟಕ್ ಎಂದು ಅನಿಲದ ಕೊಳವೆಗೆ ಬೀಗ ಬಿತ್ತು, ಒಲೆ ಆರಿತು, ಕಿಟಕಿಗಳು ತಾವಾಗಿಯೇ ತೆರೆದುಕೊಂಡವು. "ಒಲೆ ಬಂದ್ ಆಗಿದೆ, ದಯವಿಟ್ಟು ಹೊರಗೆ ಬನ್ನಿ" ಎಂದು ಪೆಟ್ಟಿಗೆ ನಯವಾಗಿ ಹೇಳಿತು. ಹೊಸಕಲ್ಲೂರಿನಲ್ಲಿ ಆ ಬೆಳಿಗ್ಗೆ ನೂರಾರು ಮನೆಗಳ ಗೋಡೆಗಳು ಇದೇ ಮಾತನ್ನು ಹೇಳಿದವು.

ಡಾ. ಇಂದುಮತಿ ಹಂಪಿಹೊಳಿಗೆ ತಲೆ ಕೆಟ್ಟುಹೋಯಿತು. ಮೀಯುವ ನೀರು ಕಾಯಿಸುವ ಈ ಒಲೆಯೂ ಗಾಳಿಗಾವಲೂ ಎರಡೂ ಅವಳು ಕಂಡುಹಿಡಿದವೇ. ಹಿಂದೆಲ್ಲ ಬಚ್ಚಲ ಬಾಗಿಲು ಹಾಕಿಕೊಂಡು ಅನಿಲದ ಒಲೆಯಲ್ಲಿ ನೀರು ಕಾಯಿಸಿ ಮೀಯಲು ಹೋದವರು ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ ಕುಡಿದು ಅಲ್ಲೇ ಕುಸಿಯುತ್ತಿದ್ದರು. ಇಂದುಮತಿಯ ಒಲೆ ಹಾಗಲ್ಲ. ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು ಹೊಗೆಯನ್ನೂ ಹೊರಗೇ ಬಿಡುತ್ತಿತ್ತು. ಹೋಗುವ ಹೊಗೆಯ ಬಿಸಿಯನ್ನೂ ಬಿಡದೆ ಹೀರಿಕೊಳ್ಳುತ್ತಿತ್ತು. ಹೀಗೆ ತಣ್ಣಗಾದ ಹೊಗೆ ಬೆವರಿ ಹನಿಯಾಗುತ್ತದೆ. ಅದಕ್ಕೆ ಅವಳು 'ಹೊಗೆನೀರು' ಎಂದು ಹೆಸರಿಟ್ಟಿದ್ದಳು. ಅದು ಹುಳಿ ನೀರು, ಬಿಟ್ಟರೆ ಚರಂಡಿಯ ಕೊಳವೆಯನ್ನೇ ತಿಂದುಹಾಕುತ್ತದೆ. ಆದ್ದರಿಂದ ಸುಣ್ಣದ ಹರಳುಗಳ ಮೂಲಕ ಹಾಯಿಸಿ, ಹುಳಿ ಮುರಿದು, ಒಂದು 'ಬಾಗುಗೊಳವೆ'ಯಿಂದ ಚರಂಡಿಗೆ ಇಳಿಸುವ ಏರ್ಪಾಡು ಮಾಡಿದ್ದಳು. ಬಾಗುಗೊಳವೆಯ ಹೊಟ್ಟೆಯಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಆ ನೀರನ್ನು ದಾಟಿ ಹೊಗೆ ಮನೆಯೊಳಗೆ ಬರಲಾರದು.

ಈ ನೀರು ಎಷ್ಟು ನಿರಪಾಯವೆಂದು ತೋರಿಸಲು ಉದ್ಘಾಟನೆಯ ದಿನ ವೇದಿಕೆಯ ಮೇಲೆ ಒಂದು ಲೋಟ ಗಟಗಟನೆ ಕುಡಿದಿದ್ದಳು. ಚಪ್ಪಾಳೆಯೋ ಚಪ್ಪಾಳೆ! ಚಪ್ಪಾಳೆ ತಟ್ಟುತ್ತಿದ್ದ ಹೆಂಗಸರ ಮನಸ್ಸಿನಲ್ಲಿ ಏನು ಓಡುತ್ತಿದೆ ಎಂಬುದು ಮಾತ್ರ ಆ ಜಾಣೆಗೆ ಹೊಳೆಯಲಿಲ್ಲ ನೋಡಿ.

ಈಗ ನಡು ಬೇಸಿಗೆ. ಕಾಗೆಗಳೂ ಬಾಯಿ ತೆರೆದು ಕೂರುವ ಬಿಸಿಲು. ಇಂಥದ್ದರಲ್ಲಿ ಯಾರಪ್ಪ ಬಿಸಿನೀರು ಕಾಯಿಸುವವರು? ಸಹಾಯಕರು ಗಾಳಿಗಾವಲೇ ಕೆಟ್ಟಿದೆ ಎಂದರು. ಇಂದುಮತಿ ನಂಬಲಿಲ್ಲ. ಒಲೆಗೆ ಬೀಗ ಬಿದ್ದ ಮನೆಗಳಲ್ಲಿ ಹತ್ತಿರದ್ದನ್ನು ಹುಡುಕಿಕೊಂಡು ತಾನೇ ಹೊರಟಳು.

ಅದು ಬಸಲಿಂಗವ್ವನ ಮನೆ. ಕಾಲಿಟ್ಟರೆ ಭಟ್ಟಿ! ಒಳಕೋಣೆಯಲ್ಲಿ ಬಾಣಂತಿ ಮಗಳು ಸುಗಂಧಾ ಗೋಡೆಗೆ ಒರಗಿದ್ದಳು. ಕೂಸು ಒಂದೇ ಸಮನೆ ಅಳುತ್ತಿತ್ತು. ಒಲೆಯಿಂದ ಹೊರಟ ಬಿಸಿನೀರು ತೊಟ್ಟಿಗೆ ಹೋಗಿ, ಕಾವನ್ನೆಲ್ಲ ಮನೆಯೊಳಗೇ ಬಿಟ್ಟು ಆರಿ, ಅಲ್ಲಿಂದ ತಿರುಗಿ ಒಲೆಗೇ ಬರುವಂತೆ ಕೊಳವೆ ಸುತ್ತಿದ್ದರು. ಹೀಗೆ ಅದೇ ನೀರಿನಲ್ಲಿ ಒಲೆ ಎಷ್ಟು ಹೊತ್ತಾದರೂ ಉರಿಯಬಹುದು. ಒಲೆಯ ಕೆಳಗೆ, ಬಾಗುಗೊಳವೆ ಇರಬೇಕಾದ ಜಾಗದಲ್ಲಿ, ಬಾಯಿಗೆ ಬಟ್ಟೆ ಕಟ್ಟಿದ ತಾಮ್ರದ ಕೊಡ.

"ಬರ್ರಿ ಅಕ್ಕಾರ, ಕುಂದರ್ರಿ. ನಿಮ್ಮ ಪೆಟಗಿ ನಮ್ಮ ಜೀವಾ ತಿನ್ನಾಕತ್ತೈತಿ ನೋಡ್ರಿ" ಎಂದಳು ಬಸಲಿಂಗವ್ವ.

"ಇಂಥಾ ಬ್ಯಾಸಗ್ಯಾಗ ಬಿಸಿನೀರು ಯಾಕವ್ವಾ?"

"ಬಿಸಿನೀರು ಯಾರಿಗೆ ಬೇಕ್ರಿ! ಈ ಹನಿನೀರಿಗೆ ಒಲಿ ಹಚ್ಚೂದು. ಊರ ಕಸದಿಂದ ತಗದ ಗ್ಯಾಸು ಹಗಲೂ ರಾತ್ರಿ ಪುಕ್ಕಟ ಬರತೈತಿ. ನಳದಾಗ ನೀರು ಬಂದು ಯಾವ ಕಾಲ ಆತೋ ಏನೋ. ನೀವ ಕುಡದು ತೋರಿಸಿದ್ರೆಲ್ಲ, ಅವತ್ತಿನಿಂದ ಊರ ಮಂದಿ ಎಲ್ಲಾ ಹಿಡೀತಾರ."

ಇಂದುಮತಿ ಬಗ್ಗಿ ಒಲೆಯ ಕೆಳಗೆ ಕೈಯಾಡಿಸಿದಳು. "ಕೆಳಗಿನ ಬಾಗುಗೊಳವಿ ಎಲ್ಲಿ?"

"ಅದನ್ನ ತಗದ ಇಟ್ಟೇನ್ರಿ, ಎಲ್ಲಾರೂ ತಗದಾರ. ಅದರ ಹೊಟ್ಟ್ಯಾಗ ನೀರು ಸುಮ್ಮನ ನಿಂತಿತ್ತು. ಮನಿಯಾಗ ಬಾಣಂತಿ ಗಂಟಲಾ ಒಣಗಿಸ್ಕೊಂಡು ಕುಂತಾಳ, ನೀರು ಕೊಳವ್ಯಾಗ ಆರಾಮ ನಿಂದ್ರಬೇಕೇನು? ಬಗ್ಗಿಸಿ ಅದನ್ನೂ ಕೊಡಕ್ಕ ಹಾಕಿದೆ."

"ಸುಮ್ಮನ ನಿಂತಿದ್ದಲ್ಲವ್ವಾ, ಕಾವಲಿಗೆ ನಿಂತಿತ್ತು! ಅದು ಇಲ್ಲಂದ್ರ ಹೊಗಿಯೊಳಗಿನ ವಿಷ ಸೀದಾ ಕೂಸಿನ ಮೂಗಿಗೆ ಬರ್ತದ. ಪೆಟ್ಟಿಗಿ ಒಲಿ ಆರಿಸಿದ್ದಕ್ಕ ನೀವು ಉಳದೀರಿ."

ಬಸಲಿಂಗವ್ವ ಓಡಿಹೋಗಿ ಕೂಸನ್ನು ಎತ್ತಿ ಎದೆಗವಚಿಕೊಂಡಳು. "ಅಯ್ಯ ನನ್ನವ್ವಾ, ನಾನ ಕೈಯಾರೆ..." ಎಂದಳು.

ಇಂದುಮತಿ ತಾನೇ ನೆಲದ ಮೇಲೆ ಕೂತು ಬಾಗುಗೊಳವೆಯನ್ನು ಮತ್ತೆ ಜೋಡಿಸಿದಳು, ಅದರ ಹೊಟ್ಟೆಗೆ ನೀರು ಹೊಯ್ದಳು. ಅದನ್ನು ದಾಟಿ ಬಂದ ನೀರು ಚರಂಡಿಗೆ ಹೋಗದೆ ಕೊಡಕ್ಕೆ ಇಳಿಯಲೆಂದು ಒಂದು ತುಂಡು ಕೊಳವೆ ಸಿಕ್ಕಿಸಿದಳು. "ನೀರು ಇಲ್ಲಿ ಹಿಡೀರಿ, ಒಳಗ ಕೈ ಹಾಕಬ್ಯಾಡ್ರಿ" ಎಂದು ಬೀಗ ತೆಗೆದಳು. ಗಾಳಿಗಾವಲಿನ ದೀಪ ಹಸಿರಾಯಿತು. ವಾರ ಕಳೆಯುವುದರೊಳಗೆ ಊರಿನ ಎಲ್ಲ ಒಲೆಗಳಿಗೂ ಅಂಥ ತುಂಡು ಕೊಳವೆ ಹಾಕಿಸಿದಳು. ವಿಷವೂ ಇಲ್ಲ, ಬೀಗವೂ ಇಲ್ಲ. ಇಂದುಮತಿ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಅಷ್ಟರಲ್ಲಿ ನೀರಿನ ಕಚೇರಿಯವರು ಕರೆಸಿ ಹಾರ ಹಾಕಿದರು.

"ಮೇಡಂ, ದೊಡ್ಡ ಉಪಕಾರ ಮಾಡಿದ್ರಿ. ಹೊಳಿಯಿಂದ ನೀರು ತರೋ ಯೋಜನಾ ಕೈಬಿಟ್ಟೇವಿ. ಮನಿಮನಿಯಾಗ ನೀರು ಹುಟ್ಟೂವಾಗ ನಳಾ ಯಾಕ?" ಎಂದರು ಸಾಹೇಬರು.

"ಸರ್, ಅದು ಸ್ನಾನದ ಒಲಿ! ತಾಸುಗಟ್ಟಲೆ ಉರಿದ್ರ ಒಂದು ಕೊಡ ಬರ್ತದ. ಮನಿ ಎಲ್ಲಾ ಕಾದು ಹೋಗ್ತದ!"

"ನೀರು ಹಿಡೀಲಿಕ್ಕೆ ಕೊಳವಿ ಹಾಕಿಸಿಕೊಟ್ಟವರು ನೀವೇ ಅಲ್ರೀ?"

ಇಂದುಮತಿ ಆಮೇಲೆ ಯಾರ ಯಾರ ಬಾಗಿಲು ತಟ್ಟಿದಳೋ, ಯಾರ ಯಾರ ಮುಂದೆ ಗೋಗರೆದಳೋ! ಎಲ್ಲರೂ ಅವಳ ಯಂತ್ರವನ್ನು ಹಾಡಿ ಹೊಗಳಿದರು, ನಳಕ್ಕೆ ಮಾತ್ರ ಯಾರೂ ನೀರು ಬಿಡಲಿಲ್ಲ.

ಒಂದು ಮಧ್ಯಾಹ್ನ ಮತ್ತೆ ಬಸಲಿಂಗವ್ವನ ಮನೆಗೆ ಹೋದಳು. ಕೂಸಿನ ಮೈತುಂಬ ಬೆವರುಸಾಲೆ. ಅಳುವ ಶಕ್ತಿಯೂ ಉಡುಗಿ ಅದು ಬಾಯಿ ಬಾಯಿ ಬಿಡುತ್ತಿತ್ತು. ಹೊರಗೆ ಒಯ್ಯೋಣವೆಂದರೆ ಎಲ್ಲ ಮನೆಗಳ ಹೊಗೆಕೊಳವೆಗಳೂ ಓಣಿಗೇ ಬಿಸಿಗಾಳಿ ಉಗುಳುತ್ತಿದ್ದವು. "ಗಾಳಿ ನಿರಪಾಯವಾಗಿದೆ" ಎಂದು ಪೆಟ್ಟಿಗೆ ಹೇಳಿತು. ಅದಕ್ಕೆ ಗೊತ್ತಿದ್ದದ್ದು ವಿಷವೊಂದೇ.

ಒಲೆ ಆರಿತ್ತು, ಕೊಡ ಬರಿದಾಗಿತ್ತು. ಬಸಲಿಂಗವ್ವ ಒಲೆಯ ಗುಂಡಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಅಕ್ಕಾರ, ನೀರಿಲ್ಲಂದ್ರ ಬಾಣಂತಿ ಹಾಲು ಬತ್ತತೈತಿ. ಒಲಿ ಹಚ್ಚಿದ್ರ ಕೂಸು ಬೇಯತೈತಿ. ಹಚ್ಚಲ್ಯೋ ಬಿಡಲ್ಯೋ? ಮಾಡಿದವರು ನೀವು, ನೀವ ಹೇಳ್ರಿ."

ಒಳಗಿನಿಂದ ಸುಗಂಧಾ, "ಯವ್ವಾ, ಒಂದು ಗುಟುಕು ನೀರು..." ಎಂದಳು. ಬಸಲಿಂಗವ್ವ ಕೊನೆಗೆ ಗುಂಡಿ ಒತ್ತಿದಳು.

ಇಂದುಮತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೀಸಣಿಗೆ ತೆಗೆದುಕೊಂಡಳು. ಕೊಡ ತುಂಬುವವರೆಗೂ ಗಾಳಿ ಹಾಕುತ್ತ ಕೂತಳು.